ಹನ್ನೆರಡು ಬಾಕ್ಸ್ ತೂಗಿ ಐದುನೂರರ ಮಾತು ಹೇಳುವುದು ಹೇಗೆ?

“ಮಾಸ್ತರ್ರ, ಹನ್ನೆರಡು ಬಾಕ್ಸ್ ತೂಗೀರಿ, ಖರೆ. ಉಳದ ನಾಕನೂರಾ ಎಂಬತ್ತೆಂಟರ ಕಥಿ ಏನ್ರಿ?”

ತಿಕೋಟಾ ಕಡೆಯ ಒಂದು ಗೋದಾಮಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕೇಳಿದ ಪ್ರಶ್ನೆ ಇದು. ನಾನು ವಿಜಯಪುರದಲ್ಲಿ ಡಿಗ್ರಿ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳುವವನು. ಎರಡು ವಾರ ಹಿಡಿಯುವ ಒಂದು ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ನನ್ನನ್ನು ಯಾರೂ ಕೇಳಿರಲಿಲ್ಲ.

ಸಂಗತಿ ಇಷ್ಟು. ಗೋಡೆಗೆ ಒಟ್ಟಿದ್ದ ಒಣದ್ರಾಕ್ಷಿ ಬಾಕ್ಸ್ 500. ಎಲ್ಲದರ ಮೇಲೂ 15 ಕೆಜಿ ಎಂದು ಅಚ್ಚು. ಕೊಳ್ಳುವವನು “ತೂಕ ಕಮ್ಮಿ ಬೀಳ್ತದ” ಎಂದು ತಕರಾರು ತೆಗೆದಿದ್ದ. ಎಲ್ಲವನ್ನೂ ಇಳಿಸಿ ತೂಗಿಸಿ ಮತ್ತೆ ಒಟ್ಟಿಸಬೇಕೆಂದರೆ ಹಮಾಲರಿಗೆ ಒಂದು ದಿನದ ಕೆಲಸ. ಹಾಗಾಗಿ ಹನ್ನೆರಡನ್ನು ಮಾತ್ರ ತೂಗಿದೆವು. ಸರಾಸರಿ 14.91 ಕೆಜಿ ಬಂತು.

ಅಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರ. ಬೇರೆ ಹನ್ನೆರಡು ಇಳಿಸಿದ್ದರೆ 14.87 ಬರುತ್ತಿತ್ತೇನೋ, 14.96 ಬರುತ್ತಿತ್ತೇನೋ. ಆ 500 ಬಾಕ್ಸಿನ ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಎರಡು ಗಡಿ ಹಾಕಿ ಹೇಳುವುದೇ ಕಾನ್ಫಿಡೆನ್ಸ್ ಇಂಟರ್ವಲ್. ಕನ್ನಡದಲ್ಲಿ ವಿಶ್ವಾಸಾಂತರ ಎನ್ನೋಣ. ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು, ಸರ್ವೇಗೆ ಹೋಗುವವರು, ಮಾಲು ಕೊಟ್ಟು ತಂದು ಮಾಡುವವರು ಎಲ್ಲರೂ ಇದನ್ನು ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದು. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಕಲಿಸಲೆಂದು ಹೊಂದಿಸಿಕೊಂಡವು, ಯಾವ ಊರಿನ ವರದಿಯೂ ಅಲ್ಲ.

ಸೂತ್ರಕ್ಕಿಂತ ಮೊದಲು: ಯಾವ ಹನ್ನೆರಡು?

ಎಪಿಎಂಸಿಯಲ್ಲಿ ದಲಾಲಿ ಅಂಗಡಿಯವರು ಜೋಳದ ಚೀಲ ನೋಡುವ ರೀತಿ ಗಮನಿಸಿ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಪಕ್ಕಕ್ಕೆ ಚುಚ್ಚುತ್ತಾರೆ, ಕಾಳು ಅಂಗೈಗೆ ಸುರಿದುಕೊಳ್ಳುತ್ತಾರೆ. ಒಮ್ಮೆ ಮೇಲೆ, ಒಮ್ಮೆ ನಡುವೆ, ಒಮ್ಮೆ ತಳದಲ್ಲಿ. ಬಾಯಿ ಬಿಚ್ಚಿ ಮೇಲಿನ ಮುಷ್ಟಿ ತೆಗೆದು ರೇಟು ಹೇಳುವವನನ್ನು ನಾನು ನೋಡಿಲ್ಲ. ಮೇಲಿನ ಕಾಳು ಯಾವಾಗಲೂ ಚಂದ ಇರುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಗೋದಾಮಿನಲ್ಲೂ ಅದೇ ಮಾತು. ಮುಂದಿನ ಸಾಲಿನ ಹನ್ನೆರಡು ಕೈಗೆ ಸುಲಭ, ಆದರೆ ಅವೆಲ್ಲ ಒಂದೇ ದಿನ ಒಬ್ಬರೇ ತುಂಬಿದ ಬಾಕ್ಸ್ ಇರಬಹುದು. ನಾವು ಸೀಮೆಸುಣ್ಣದಿಂದ ಸಾಲುಗಳಿಗೆ ನಂಬರ್ ಹಾಕಿ, 1 ರಿಂದ 500 ರೊಳಗೆ ಹನ್ನೆರಡು ಅಂಕಿಯನ್ನು ಮೊಬೈಲಿನಲ್ಲಿ ಯಾದೃಚ್ಛಿಕವಾಗಿ, ಅಂದರೆ ಲಾಟರಿ ಎತ್ತಿದ ಹಾಗೆ, ತೆಗೆದೆವು. 347 ಬಂತು, ಅದು ಎಲ್ಲಕ್ಕಿಂತ ಹಿಂದಿನ ಮೂಲೆಯಲ್ಲಿ, ಏಳು ಬಾಕ್ಸಿನ ಕೆಳಗೆ. “ಅದರ ಬದಲಿ ಪಕ್ಕದ್ದು ತಗೋಳ್ರಿ” ಎಂದ ಹಮಾಲ. ತಗೊಳ್ಳಲಿಲ್ಲ. ಕಷ್ಟವಾದ ಕಡೆ ಬದಲಾಯಿಸಲು ಶುರು ಮಾಡಿದರೆ ಕೊನೆಗೆ ನಮ್ಮ ಸ್ಯಾಂಪಲ್‌ನಲ್ಲಿ ಸುಲಭವಾಗಿ ಸಿಗುವ ಬಾಕ್ಸ್ ಮಾತ್ರ ಉಳಿಯುತ್ತವೆ.

ಈ ವಿಷಯದಲ್ಲಿ ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಡುಗರಿಗೆ “ಊರಾಗಿನ ಮಂದಿ ದಿನಕ್ಕ ಎಷ್ಟು ಹೊತ್ತು ಮೊಬೈಲ್ ನೋಡ್ತಾರ, ಕೇಳ್ಕೊಂಡು ಬರ್ರಿ” ಎಂದು ಕಳಿಸಿದೆ. ಅವರು ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ಕೂತವರನ್ನೆಲ್ಲ ಕೇಳಿ ಬಂದರು. ಬಸ್ಸಿಗೆ ಕಾಯುವವನ ಕೈಯಲ್ಲಿ ಮೊಬೈಲ್ ಬಿಟ್ಟು ಮತ್ತೇನಿರುತ್ತದೆ? ಲೆಕ್ಕ ಅಚ್ಚುಕಟ್ಟಾಗಿತ್ತು, ಅಂತರ ಕಿರಿದಾಗಿತ್ತು, ಉತ್ತರ ಮಾತ್ರ ಬಸ್ ಸ್ಟ್ಯಾಂಡಿನದ್ದು. ಸೂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಕೊಟ್ಟ ಅಂಕಿಯನ್ನು ಅದು ನಂಬುತ್ತದೆ.

ಸರಾಸರಿಯ ಅಂತರ

ಹನ್ನೆರಡು ಬಾಕ್ಸಿನ ತೂಕ, ಕೆಜಿಯಲ್ಲಿ:

14.82, 15.05, 14.90, 14.76, 15.10, 14.95, 14.88, 14.70, 15.02, 14.92, 14.85, 14.97

ಇದೇ ಅಂಕಿಗಳನ್ನು ವರ್ಗ ಮಾಡುತ್ತ ಕೂತರೆ ದಶಾಂಶದಲ್ಲಿ ತಪ್ಪುವುದು ಖಂಡಿತ. 15 ಕೆಜಿಗಿಂತ ಎಷ್ಟು ಗ್ರಾಂ ಹೆಚ್ಚು, ಎಷ್ಟು ಕಡಿಮೆ ಎಂದು ಬರೆದುಕೊಳ್ಳಿ: −180, +50, −100, −240, +100, −50, −120, −300, +20, −80, −150, −30. ಕೂಡಿದರೆ −1080. ಹನ್ನೆರಡರಿಂದ ಭಾಗಿಸಿದರೆ −90. ಅಂದರೆ ಸರಾಸರಿ ಬಾಕ್ಸಿಗೆ 90 ಗ್ರಾಂ ಕಡಿಮೆ.

ಇನ್ನು ಮಾನಕ ವಿಚಲನೆ. ಹೈಸ್ಕೂಲಿನಲ್ಲಿ ಮಾಡಿ ಮರೆತದ್ದೇ ಇದು, ಬಾಕ್ಸಿನಿಂದ ಬಾಕ್ಸಿಗೆ ತೂಕ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ. ಪ್ರತಿ ಅಂಕಿಯಿಂದ ಸರಾಸರಿ ಕಳೆಯಿರಿ: −90, 140, −10, −150, 190, 40, −30, −210, 110, 10, −60, 60. (ಇವನ್ನು ಕೂಡಿ ನೋಡಿ, ಸೊನ್ನೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.) ವರ್ಗ ಮಾಡಿ ಕೂಡಿದರೆ 1,52,400. ಇದನ್ನು 12 ರಿಂದ ಅಲ್ಲ, ಒಂದು ಕಡಿಮೆ ಮಾಡಿ 11 ರಿಂದ ಭಾಗಿಸಬೇಕು. 13,855 ಬರುತ್ತದೆ. ಅದರ ವರ್ಗಮೂಲ ಸುಮಾರು 118 ಗ್ರಾಂ.

ಯಾಕೆ 11? ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ, ಸ್ಯಾಂಪಲ್‌ನ ಸರಾಸರಿಯಿಂದಲೇ ದೂರ ಅಳೆದಿದ್ದೇವೆ. ತನ್ನದೇ ಸರಾಸರಿಗೆ ಪ್ರತಿ ಸ್ಯಾಂಪಲ್ಲೂ ಸ್ವಲ್ಪ ಹತ್ತಿರವೇ ಇರುತ್ತದೆ, ಹಾಗಾಗಿ ಏರುಪೇರು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಒಂದು ಕಳೆದು ಭಾಗಿಸಿದರೆ ಆ ಕೊರತೆ ತುಂಬಿಬರುತ್ತದೆ. ಎಕ್ಸೆಲ್‌ನಲ್ಲಿ ಮಾಡುವವರು ‘ಸ್ಟ್‌ಡೆವ್ ಡಾಟ್ ಎಸ್’ ಆರಿಸಬೇಕು. ‘ಡಾಟ್ ಪಿ’ ಆರಿಸಿದರೆ 12 ರಿಂದ ಭಾಗಿಸಿ 113 ಕೊಡುತ್ತದೆ. ನನ್ನ ಹುಡುಗರ ಪ್ರಾಜೆಕ್ಟ್ ವರದಿಗಳಲ್ಲಿ ಅತಿ ಹೆಚ್ಚು ಸಲ ನಾನು ಕೆಂಪು ಶಾಯಿ ಹಾಕಿದ ಜಾಗ ಇದೇ.

118 ಗ್ರಾಂ ಒಂದೊಂದು ಬಾಕ್ಸಿನ ಏರುಪೇರು. ಹನ್ನೆರಡರ ಸರಾಸರಿಯ ಏರುಪೇರು ಅಷ್ಟಿರುವುದಿಲ್ಲ, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಿ ಸರಿದೂಗುತ್ತದೆ. ಎಷ್ಟು ಇಳಿಯುತ್ತದೆ ಎಂದರೆ ಸ್ಯಾಂಪಲ್ ಎಣಿಕೆಯ ವರ್ಗಮೂಲದಷ್ಟು ಪಾಲು. 12 ರ ವರ್ಗಮೂಲ 3.46, ಹಾಗಾಗಿ 118 ÷ 3.46 = 34 ಗ್ರಾಂ. ಇದಕ್ಕೆ ಸ್ಟ್ಯಾಂಡರ್ಡ್ ಎರರ್ ಎಂದು ಹೆಸರು.

ಕೊನೆಯದಾಗಿ ಇದನ್ನು ಒಂದು ಗುಣಕದಿಂದ ಗುಣಿಸಬೇಕು. 95 ಶೇಕಡಾ ವಿಶ್ವಾಸಕ್ಕೆ, 12 ರ ಸ್ಯಾಂಪಲ್‌ಗೆ ಟಿ ಕೋಷ್ಟಕ ಎಂಬ ಪಟ್ಟಿಯಲ್ಲಿ, ಇಲ್ಲೂ ಎಣಿಕೆಗಿಂತ ಒಂದು ಕಡಿಮೆ ಮಾಡಿ, 11 ರ ಸಾಲು ನೋಡಿದರೆ 2.201 ಇದೆ. 34 × 2.201 = 75 ಗ್ರಾಂ. ಇದು ಆಚೆ ಈಚೆ ಬಿಡಬೇಕಾದ ಅಂಚು.

−90 ರಿಂದ 75 ಕಳೆದರೆ −165. ಕೂಡಿದರೆ −15.

ಅಂದರೆ ಆ 500 ಬಾಕ್ಸಿನ ಸರಾಸರಿ ತೂಕ 14.835 ರಿಂದ 14.985 ಕೆಜಿ ನಡುವೆ ಇರಬಹುದು. 15 ಆ ಅಂತರದ ಹೊರಗಿದೆ. ಇಷ್ಟೇ ಲೆಕ್ಕ. ಎಕ್ಸೆಲ್‌ನ ‘ಕಾನ್ಫಿಡೆನ್ಸ್ ಡಾಟ್ ಟಿ’ಗೆ 0.05, ಮಾನಕ ವಿಚಲನೆ, ಎಣಿಕೆ, ಈ ಮೂರನ್ನು ಕೊಟ್ಟರೆ 75 ತಾನೇ ಬರುತ್ತದೆ. ಅಲ್ಲಿ 0.95 ಎಂದು ಕೊಟ್ಟವರಿಗೆ ಎರಡು ಗ್ರಾಂ ಆಸುಪಾಸು ಅಂಚು ಬಂದು “ಏನ್ ಭಾರಿ ಕರಾರುವಾಕ್ಕು ಬಂತಲ್ರಿ ಸರ್” ಎಂದು ಖುಷಿಪಟ್ಟದ್ದೂ ಉಂಟು.

ಆ ಟಿ ಬಂದದ್ದು ಬಿಯರ್ ಕಾರ್ಖಾನೆಯಿಂದ

ಹಳೆಯ ನೋಟ್ಸ್‌ಗಳಲ್ಲಿ ಈ ಗುಣಕದ ಜಾಗದಲ್ಲಿ ಎಲ್ಲದಕ್ಕೂ 1.96 ಹಾಕಿರುವುದನ್ನು ಕಾಣಬಹುದು. ಹಾಗೆ ಹಾಕಿದ್ದರೆ ನಮ್ಮ ಅಂಚು 67 ಗ್ರಾಂ ಬರುತ್ತಿತ್ತು, ಎಂಟು ಗ್ರಾಂ ಸುಳ್ಳು ಧೈರ್ಯ. 1.96 ಸರಿಹೋಗುವುದು ಸ್ಯಾಂಪಲ್ ದೊಡ್ಡದಿದ್ದಾಗ, ಇಲ್ಲವೇ ಇಡೀ ರಾಶಿಯ ಮಾನಕ ವಿಚಲನೆ ಮೊದಲೇ ಗೊತ್ತಿದ್ದಾಗ. ಎರಡನೆಯದು ಪಠ್ಯಪುಸ್ತಕದಲ್ಲಿ ಬಿಟ್ಟರೆ ಹೊರಗೆ ಸಿಗುವುದು ಅಪರೂಪ.

ಚಿಕ್ಕ ಸ್ಯಾಂಪಲ್‌ನ ಈ ತೊಡಕನ್ನು ಬಿಡಿಸಿದವನು ವಿಲಿಯಂ ಗಾಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಬಾರ್ಲಿ, ಹಾಪ್ಸ್ ಪರೀಕ್ಷೆಗೆ ಅವನಿಗೆ ಸಿಗುತ್ತಿದ್ದದ್ದೇ ಕೆಲವು ಸ್ಯಾಂಪಲ್. 1908 ರಲ್ಲಿ ಬರೆದ ಪ್ರಬಂಧದಲ್ಲಿ ಸ್ವಂತ ಹೆಸರು ಹಾಕುವಂತಿರಲಿಲ್ಲ, ಹಾಗಾಗಿ ‘ಸ್ಟೂಡೆಂಟ್’ ಎಂದು ಹಾಕಿಕೊಂಡ. ಇವತ್ತಿಗೂ ಆ ಕೋಷ್ಟಕದ ಹೆಸರು ಸ್ಟೂಡೆಂಟ್ ಟಿ. ಸ್ಯಾಂಪಲ್ 4 ಇದ್ದರೆ ಗುಣಕ 3.182. 10 ಕ್ಕೆ 2.262, 25 ಕ್ಕೆ 2.064, 30 ಕ್ಕೆ 2.045. ಮುಂದೆ ಹೋದಂತೆ 1.96 ರ ಕಡೆ ಇಳಿಯುತ್ತದೆ.

ನಾಲ್ಕರ ಸಾಲನ್ನು ಬೇಕೆಂದೇ ಹೇಳಿದೆ. ನಮ್ಮ ಭಾಗದ ರೈತರಿಗೆ ಬೆಳೆ ಕಟಾವು ಪ್ರಯೋಗ ಗೊತ್ತು: ಹೊಲದಲ್ಲಿ ಅಳತೆ ಮಾಡಿದ ತುಂಡು ಜಾಗ ಗುರುತಿಸಿ, ಕೊಯ್ದು, ಒಕ್ಕಿ ತೂಗುತ್ತಾರೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೊಂದಕ್ಕೆ ಕನಿಷ್ಠ ನಾಲ್ಕು ಪ್ರಯೋಗ ಎಂಬ ನಿಯಮವಿದೆ. ಹಿಂಗಾರಿ ಜೋಳದ ನಾಲ್ಕು ಪ್ರಯೋಗದ ಸರಾಸರಿ ಹೆಕ್ಟೇರಿಗೆ 900 ಕೆಜಿ, ಮಾನಕ ವಿಚಲನೆ 180 ಎಂದು ಇಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಎರರ್ 180 ÷ 2 = 90. ಅಂಚು 90 × 3.182 = 286. ಅಂತರ 614 ರಿಂದ 1186! ಅದೇ ಏರುಪೇರಿನಲ್ಲಿ ಹದಿನಾರು ಪ್ರಯೋಗ ಮಾಡಿದ್ದರೆ ಸ್ಟ್ಯಾಂಡರ್ಡ್ ಎರರ್ 45, ಗುಣಕ 2.131, ಅಂಚು 96 ಕ್ಕೆ ಇಳಿಯುತ್ತದೆ. “ನಮ್ಮ ಹೊಲದಾಗ ಏನೂ ಬಂದಿಲ್ಲ, ಪಂಚಾಯ್ತಿ ಸರಾಸರಿ ಹೆಂಗ ಚಲೋ ಬಂತು?” ಎಂಬ ಜಗಳದಲ್ಲಿ ಯಾರದು ಸರಿ ಎಂದು ಈ ಲೆಕ್ಕ ತೀರ್ಮಾನಿಸುವುದಿಲ್ಲ. ನಾಲ್ಕು ತುಂಡಿನ ಸರಾಸರಿ ಎಷ್ಟು ಅಲುಗಾಡಬಲ್ಲದು ಎಂಬುದನ್ನು ಮಾತ್ರ ತೋರಿಸುತ್ತದೆ.

ಲೆಕ್ಕಕ್ಕೆ ಕೂರುವ ಮೊದಲು ಅಂಕಿಗಳನ್ನು ಒಂದು ಗೆರೆಯ ಮೇಲೆ ಚುಕ್ಕಿಯಾಗಿ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು. ಟಿ ವಿಧಾನ ಸುಮಾರಾಗಿ ಎರಡೂ ಕಡೆ ಸಮ ಹರಡಿದ ಅಂಕಿಗಳನ್ನು ಬಯಸುತ್ತದೆ. ಆದಾಯ, ಜಮೀನು, ಸಾಲ ಇಂಥವುಗಳಲ್ಲಿ ಒಬ್ಬ ದೊಡ್ಡ ಕುಳ ಬಂದರೆ ಸಾಕು, ಸರಾಸರಿ ಅವನ ಹಿಂದೆ ಹೋಗುತ್ತದೆ. ಅಲ್ಲಿ ಹನ್ನೆರಡು ಹದಿನೈದರ ಸ್ಯಾಂಪಲ್ ನಂಬಬೇಡಿ.

95 ಎಂದರೆ ಏನಲ್ಲ

ಮೊದಲ ತಪ್ಪು: “95 ಶೇಕಡಾ ಬಾಕ್ಸ್‌ಗಳು ಈ ಅಂತರದಲ್ಲಿವೆ.” ನಮ್ಮ ಹನ್ನೆರಡನ್ನೇ ಎಣಿಸಿ ನೋಡಿ. 14.835 ಮತ್ತು 14.985 ರ ನಡುವೆ ಇರುವುದು ಆರೇ ಬಾಕ್ಸ್, ಇನ್ನಾರು ಹೊರಗೆ. ಅಂತರ ಹೇಳುವುದು ಸರಾಸರಿಯ ಮಾತು, ಒಂದೊಂದು ಬಾಕ್ಸಿನ ಮಾತಲ್ಲ.

ಎರಡನೆಯದು ಸೂಕ್ಷ್ಮ. “ನಿಜವಾದ ಸರಾಸರಿ ಈ ಅಂತರದಲ್ಲಿ ಇರುವ ಸಾಧ್ಯತೆ 95 ಶೇಕಡಾ” ಎಂದು ಪತ್ರಿಕೆಗಳೂ ಬರೆಯುತ್ತವೆ. 1937 ರಲ್ಲಿ ಈ ವಿಚಾರವನ್ನು ಕಟ್ಟಿಕೊಟ್ಟ ಯೆರ್ಝಿ ನೇಮನ್ ಹಾಗೆ ಹೇಳಲಿಲ್ಲ. ಆ 500 ಬಾಕ್ಸಿಗೆ ಸರಾಸರಿ ಒಂದೇ, ಅದು ಗೋದಾಮಿನಲ್ಲಿ ಸುಮ್ಮನೆ ಕೂತಿದೆ. ಓಡಾಡುವುದು ನಮ್ಮ ಅಂತರ. ನನ್ನ ತರಗತಿಯ ನೂರು ಜನ ಒಬ್ಬೊಬ್ಬರೇ ಗೋದಾಮಿಗೆ ಹೋಗಿ ತಮ್ಮ ತಮ್ಮ ಹನ್ನೆರಡು ಬಾಕ್ಸ್ ತೂಗಿ ಅಂತರ ಬರೆದು ತಂದರೆ ನೂರು ಬೇರೆ ಬೇರೆ ಅಂತರ ಸಿಗುತ್ತವೆ. ಅದರಲ್ಲಿ ಸುಮಾರು 95 ರೊಳಗೆ ನಿಜವಾದ ಸರಾಸರಿ ಸಿಕ್ಕಿರುತ್ತದೆ, ಐದು ತಪ್ಪಿಸಿಕೊಂಡಿರುತ್ತವೆ. ನನ್ನ ಕೈಯಲ್ಲಿರುವ ಚೀಟಿ ಯಾವ ಗುಂಪಿನದು ಎಂದು ಚೀಟಿ ನೋಡಿ ಹೇಳಲಾಗುವುದಿಲ್ಲ. 95 ವಿಧಾನಕ್ಕೆ ಕೊಟ್ಟ ಮಾರ್ಕ್ಸ್.

ಹಾಗಾದರೆ 99 ಹಾಕೋಣ ಎನ್ನುತ್ತೀರಾ? ಹಾಕಿ. 11 ರ ಸಾಲಿನಲ್ಲಿ 99 ಕ್ಕೆ ಗುಣಕ 3.106. ಅಂಚು 106 ಗ್ರಾಂ ಹತ್ತಿರ ಹೋಗುತ್ತದೆ, ಅಂತರ −196 ರಿಂದ +16. ಈಗ ಸೊನ್ನೆ, ಅಂದರೆ ಪೂರಾ 15 ಕೆಜಿ, ಒಳಗೆ ಬಂತು, “ತೂಕ ಸರಿಯಿದೆ ಎಂದೂ ಇರಬಹುದು” ಎನ್ನಬೇಕಾಯಿತು. ಅದೇ ಬಾಕ್ಸ್, ಅದೇ ತೂಕ. ಆದ್ದರಿಂದ ಎಷ್ಟು ಶೇಕಡಾ ಎಂಬುದನ್ನು ತೂಗುವ ಮೊದಲೇ ಗೊತ್ತುಮಾಡಿ, ಇಬ್ಬರೂ ಒಪ್ಪಿ, ಚೀಟಿಯಲ್ಲಿ ಬರೆದಿಡಿ. ಉತ್ತರ ನೋಡಿದ ಮೇಲೆ ಆರಿಸಿದರೆ ಅದು ಲೆಕ್ಕ ಅಲ್ಲ, ವಕಾಲತ್ತು.

ಪಾಲಿನ ಅಂತರ: ಹೌದು, ಇಲ್ಲ ಎಣಿಸುವಾಗ

ತೂಗುವಂಥದ್ದಿಲ್ಲದ ಪ್ರಶ್ನೆಗಳೂ ಇರುತ್ತವೆ. ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಎಷ್ಟು ಪಾಲು ಮನೆಗಳವರು ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ? ಮನೆಗಳ ಪಟ್ಟಿಯಿಂದ ಚೀಟಿ ಎತ್ತಿ 200 ಮನೆ ಆರಿಸಿದ್ದೀರಿ, 124 ಮನೆಯವರು ಹೌದು ಎಂದರು.

ಪಾಲು 124 ÷ 200 = 0.62. ಇಲ್ಲಿ ಮಾನಕ ವಿಚಲನೆ ಬೇರೆಯಾಗಿ ಹುಡುಕಬೇಕಿಲ್ಲ, ಪಾಲಿನೊಳಗೇ ಅಡಗಿದೆ. ಹೌದು ಎಂದವರ ಪಾಲನ್ನು ಇಲ್ಲ ಎಂದವರ ಪಾಲಿನಿಂದ ಗುಣಿಸಿ: 0.62 × 0.38 = 0.2356. ಎಣಿಕೆಯಿಂದ ಭಾಗಿಸಿ: 0.001178. ವರ್ಗಮೂಲ: 0.0343. ಇದು ಸ್ಟ್ಯಾಂಡರ್ಡ್ ಎರರ್. ಪಾಲಿಗೆ ಟಿ ಬಳಸುವುದಿಲ್ಲ, 1.96 ರಿಂದಲೇ ಗುಣಿಸಿ: 0.067. ಅಂತರ 55.3 ರಿಂದ 68.7 ಶೇಕಡಾ.

ಊರಿನಲ್ಲಿ ಇರುವುದೇ 500 ಮನೆ ಎಂದಾದರೆ ನೀವು ಐದರಲ್ಲಿ ಎರಡು ಪಾಲು ನೋಡಿಯೇ ಬಿಟ್ಟಿದ್ದೀರಿ, ಅಷ್ಟು ಅನುಮಾನ ಉಳಿಯಬೇಕಿಲ್ಲ. ಅಂಚನ್ನು √(300 ÷ 499), ಅಂದರೆ 0.775 ರಿಂದ ಗುಣಿಸಿದರೆ 6.7 ಶೇಕಡಾ ಇದ್ದದ್ದು 5.2 ಆಗುತ್ತದೆ. 300 ಎಂದರೆ ನೋಡದೆ ಉಳಿದ ಮನೆ, 499 ಎಂದರೆ ಒಟ್ಟು ಮನೆಯಲ್ಲಿ ಒಂದು ಕಡಿಮೆ. ಸ್ಯಾಂಪಲ್ ಒಟ್ಟಿನ ಶೇಕಡಾ 5 ದಾಟದಿದ್ದರೆ ಈ ತಿದ್ದುಪಡಿಯ ಗೊಡವೆ ಬೇಡ. ಹನ್ನೆರಡು ಬಾಕ್ಸಿಗೆ ಮಾಡದಿದ್ದದ್ದು ಅದಕ್ಕೇ.

ನಮ್ಮ ಕಡೆ ಸರ್ವೇ ಮಾಡುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇರೆಯಿದೆ: ಕೀಲಿ ಹಾಕಿದ ಮನೆ. ಸುಗ್ಗಿ ಮುಗಿದ ಮೇಲೆ ಹೋದರೆ ಎಷ್ಟೋ ಮನೆಯವರು ದುಡಿಯಲು ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗಿರುತ್ತಾರೆ. ಚೀಟಿಯಲ್ಲಿ ಬಂದ 200 ಮನೆಯಲ್ಲಿ 30 ಕ್ಕೆ ಕೀಲಿ, ಉಳಿದ 170 ರಲ್ಲಿ 105 ಹೌದು ಎಂದಿಟ್ಟುಕೊಳ್ಳಿ. ಪಾಲು 61.8, ಮೊದಲಿನಷ್ಟೇ. ಆದರೆ ಕೀಲಿ ಹಾಕಿದವರೆಲ್ಲ ಹೌದು ಎನ್ನುವವರಾಗಿದ್ದರೆ 135, ಅಂದರೆ 67.5. ಎಲ್ಲರೂ ಇಲ್ಲ ಎನ್ನುವವರಾಗಿದ್ದರೆ 52.5. ಬರೀ ಕೀಲಿಯಿಂದಲೇ ಹದಿನೈದು ಅಂಶದ ಹರವು ಹುಟ್ಟಿತು. ಗುಳೆ ಹೋಗುವ ಮನೆಯೂ ಊರಲ್ಲೇ ಉಳಿಯುವ ಮನೆಯೂ ಕ್ಯಾನಿಗೆ ದುಡ್ಡು ಕೊಡುವ ವಿಷಯದಲ್ಲಿ ಒಂದೇ ಎಂದು ನಾನಂತೂ ಹೇಳಲಾರೆ. ಪಕ್ಕದ ತೆರೆದ ಮನೆಗೆ ಹೋಗಿ ಫಾರಂ ತುಂಬಿಸಿದರೆ 200 ಭರ್ತಿಯಾಗುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಹಬ್ಬಕ್ಕೋ ಜಾತ್ರೆಗೋ ಅವರು ಊರಿಗೆ ಬಂದಾಗ ಮತ್ತೊಮ್ಮೆ ಹೋಗಿ. ಆಗದಿದ್ದರೆ ವರದಿಯಲ್ಲಿ “30 ಮನೆ ಕೀಲಿ” ಎಂದು ಬರೆಯಿರಿ, ಜೊತೆಗೆ ಈ ಎರಡು ತುದಿಯ ಅಂಕಿಯನ್ನೂ ಕೊಡಿ.

ಒಂದೇ ಓಣಿಯ 200 ಮನೆ ಹಿಡಿಯುವುದೂ ಹೀಗೇ ಮೋಸ. ಒಂದು ಓಣಿಯವರ ರೂಢಿ ಒಂದೇ ತರಹ. ಅವು ಲೆಕ್ಕಕ್ಕೆ 200, ತಿಳಿವಳಿಕೆಗೆ ಮೂವತ್ತೋ ನಲವತ್ತೋ.

ಕೊಳೆತ ಲಿಂಬೆ ಎರಡೇ ಇದ್ದಾಗ

ಮೇಲಿನ ಸೂತ್ರಕ್ಕೆ ಒಂದು ಷರತ್ತಿದೆ: ಹೌದು ಕನಿಷ್ಠ ಹತ್ತು, ಇಲ್ಲ ಕನಿಷ್ಠ ಹತ್ತು ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ಮಾಲು ದೂರದೂರದ ಊರಿಗೆ ಹೋಗುತ್ತದೆ. ರಾಶಿಯಿಂದ ಬೇಕಾಬಿಟ್ಟಿ ಆರಿಸದೆ 40 ಹಣ್ಣು ತೆಗೆದು ನೋಡಿದಿರಿ, ಎರಡು ಕೊಳೆತಿದ್ದವು. ಪಾಲು 5 ಶೇಕಡಾ, ಅಂಚು 6.8. ಕೆಳಗಿನ ಗಡಿ −1.8 ಶೇಕಡಾ! ಸೊನ್ನೆಗಿಂತ ಕಡಿಮೆ ಹಣ್ಣು ಕೊಳೆಯುವುದು ಹೇಗೆ?

ಇದಕ್ಕೆ ಸುಲಭದ ಮದ್ದಿದೆ. ಎರಡು ಹೌದು, ಎರಡು ಇಲ್ಲ ಕಾಲ್ಪನಿಕವಾಗಿ ಸೇರಿಸಿ, ಆಮೇಲೆ ಅದೇ ಲೆಕ್ಕ ಮಾಡಿ. 4 ÷ 44 = 0.091. ಸ್ಟ್ಯಾಂಡರ್ಡ್ ಎರರ್ 0.0433, ಅಂಚು 0.085. ಅಂತರ 0.6 ರಿಂದ 17.6 ಶೇಕಡಾ. ಸಂಖ್ಯಾಶಾಸ್ತ್ರಜ್ಞರಾದ ಅಗ್ರೆಸ್ಟಿ ಮತ್ತು ಕೂಲ್ 1998 ರಲ್ಲಿ ತೋರಿಸಿಕೊಟ್ಟ ದಾರಿ ಇದು. 1927 ರಲ್ಲೇ ಎಡ್ವಿನ್ ವಿಲ್ಸನ್ ಕೊಟ್ಟ ಸೂತ್ರ ಇನ್ನೂ ಚೊಕ್ಕ, ಇದೇ ಅಂಕಿಗೆ 1.4 ರಿಂದ 16.5 ಕೊಡುತ್ತದೆ, ಆದರೆ ಕೈಯಲ್ಲಿ ಮಾಡಲು ಬೇಸರ. ನಾನು ತರಗತಿಯಲ್ಲಿ ಮೊದಲಿನದನ್ನು ಹೇಳುತ್ತೇನೆ, ಕಂಪ್ಯೂಟರ್ ಇದ್ದಾಗ ವಿಲ್ಸನ್‌ನದನ್ನು ಬಳಸುತ್ತೇನೆ.

ಒಂದೂ ಕೊಳೆತದ್ದು ಸಿಗದಿದ್ದರೆ? “ಒಂದೂ ಕೆಟ್ಟಿಲ್ರಿ” ಎಂದು ಬರೆಯಬೇಡಿ. 3 ನ್ನು ಎಣಿಕೆಯಿಂದ ಭಾಗಿಸಿ. 30 ಹಣ್ಣು ನೋಡಿ ಸೊನ್ನೆ ಬಂದಿದ್ದರೆ ಮೇಲಿನ ಗಡಿ 3 ÷ 30, ಹತ್ತು ಶೇಕಡಾ. ಹತ್ತರಲ್ಲೊಂದು ಹಣ್ಣು ಕೊಳೆತಿರುವ ರಾಶಿಯಿಂದಲೂ ಮೂವತ್ತು ಒಳ್ಳೆಯವೇ ಕೈಗೆ ಬರುವುದು ಅಸಾಧ್ಯವಲ್ಲ ಎಂದರ್ಥ.

ಎಷ್ಟು ನೋಡಿದರೆ ಸಾಕು?

ಅಂಚು ಎಷ್ಟಿರಬೇಕು ಎಂದು ಮೊದಲು ಹೇಳಿ, ಎಣಿಕೆ ತಾನೇ ಬರುತ್ತದೆ. ಪಾಲಿಗೆ ಐದು ಶೇಕಡಾ ಅಂಚು ಸಾಕೆಂದರೆ, ಪಾಲು ಎಷ್ಟೆಂದು ಗೊತ್ತಿಲ್ಲದಾಗ ಅರ್ಧ ಎಂದು ಹಿಡಿಯಿರಿ, ಅದೇ ಅತಿ ಹೆಚ್ಚು ಬೇಡುವ ಸ್ಥಿತಿ: 1.96 ರ ವರ್ಗ × 0.25 ÷ 0.05 ರ ವರ್ಗ = 384.16, ಅಂದರೆ 385. ಮೂರು ಶೇಕಡಾ ಬೇಕೆಂದರೆ 1068. ಊರು ದೊಡ್ಡದಿರಲಿ, ಜಿಲ್ಲೆ ದೊಡ್ಡದಿರಲಿ, ಇದು ಹೆಚ್ಚುಕಡಿಮೆ ಅಷ್ಟೇ. ಪ್ರಾಜೆಕ್ಟ್ ಗೈಡ್‌ಗಳು “ಹತ್ತು ಪರ್ಸೆಂಟ್ ಸ್ಯಾಂಪಲ್ ತಗೋ” ಎನ್ನುವುದಕ್ಕೆ ಲೆಕ್ಕದಲ್ಲಿ ಆಧಾರವಿಲ್ಲ.

ಸರಾಸರಿಗೆ: 1.96 × ಮಾನಕ ವಿಚಲನೆ ÷ ಬೇಕಾದ ಅಂಚು, ಅದರ ವರ್ಗ. ನಮ್ಮ ಬಾಕ್ಸಿಗೆ 30 ಗ್ರಾಂ ಅಂಚು ಬೇಕಿದ್ದರೆ 1.96 × 118 ÷ 30 = 7.7, ವರ್ಗ 59.4, ಅರವತ್ತು ಬಾಕ್ಸ್ ತೂಗಬೇಕು. ಅಂಚು ಅರ್ಧ ಮಾಡಬೇಕೆಂದರೆ ಕೆಲಸ ನಾಲ್ಕು ಪಟ್ಟು. ಹಮಾಲರ ಕೂಲಿಯನ್ನೂ ಜೊತೆಗೇ ಲೆಕ್ಕ ಹಾಕಿಕೊಳ್ಳಿ.

ಎರಡು ಊರು ಹೋಲಿಸುವಾಗ ಒಂದು ಎಚ್ಚರ. ಮೊದಲ ಊರಿನಲ್ಲಿ 200 ಕ್ಕೆ 124, ಅಂತರ 55.3 ರಿಂದ 68.7. ಎರಡನೆಯದರಲ್ಲಿ 200 ಕ್ಕೆ 102, ಅಂತರ 44.1 ರಿಂದ 57.9. ಒಂದರ ಮೇಲೊಂದು ಹಾಯುತ್ತವೆ, ಹಾಗಾಗಿ ವ್ಯತ್ಯಾಸ ಇಲ್ಲ ಎಂದು ಬಹಳ ಜನ ಕೈ ತೊಳೆದುಕೊಳ್ಳುತ್ತಾರೆ. ವ್ಯತ್ಯಾಸಕ್ಕೇ ಅಂತರ ಕಟ್ಟಬೇಕು. ವ್ಯತ್ಯಾಸ 11 ಅಂಶ. ಎರಡೂ ಸ್ಟ್ಯಾಂಡರ್ಡ್ ಎರರ್‌ಗಳನ್ನು ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ 0.0493. ಅಂಚು 9.7. ಅಂತರ 1.3 ರಿಂದ 20.7, ಸೊನ್ನೆ ಒಳಗಿಲ್ಲ. 95 ಶೇಕಡಾ ವಿಶ್ವಾಸದ ಮಟ್ಟಿಗೆ ಊರುಗಳ ನಡುವೆ ವ್ಯತ್ಯಾಸ ಇದೆ.

ಮತ್ತೆ ಗೋದಾಮಿಗೆ

ಉತ್ತರ ಬರೆದುಕೊಡುವಾಗ ಐದು ಸಂಗತಿ ಇರಬೇಕು: ಎಷ್ಟರಲ್ಲಿ ಎಷ್ಟು ನೋಡಿದ್ದು, ಹೇಗೆ ಆರಿಸಿದ್ದು, ಸರಾಸರಿ, ಅಂತರ, ಎಷ್ಟು ಶೇಕಡಾ ವಿಶ್ವಾಸ. ನಾನು ಬರೆದದ್ದು: “500 ಬಾಕ್ಸಿನಲ್ಲಿ ಮೊಬೈಲಿನಿಂದ ಯಾದೃಚ್ಛಿಕವಾಗಿ ಆರಿಸಿದ 12 ನ್ನು ತೂಗಲಾಗಿದೆ. ಬಾಕ್ಸಿಗೆ ಸರಾಸರಿ 90 ಗ್ರಾಂ ಕಡಿಮೆ. 95 ಶೇಕಡಾ ವಿಶ್ವಾಸಾಂತರ 15 ರಿಂದ 165 ಗ್ರಾಂ ಕಡಿಮೆ.”

ಹಿರಿಯರು ಚೀಟಿಯನ್ನು ಎರಡು ಸಲ ಓದಿದರು. “ಅಂದ್ರ ಕಮ್ಮಿ ಇರೂದು ಖರೆ, ಎಷ್ಟ ಕಮ್ಮಿ ಅನ್ನೂದು ಗಟ್ಟಿ ಇಲ್ಲ. ಹೌದಲ್ರಿ?”

“ಹೌದ್ರಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಟಾದ ಹತ್ತಿರ ಹೋದರು. ಬಾಕ್ಸಿನ ತೂಕ ಬಿಟ್ಟು ಬರೀ ದ್ರಾಕ್ಷಿ ತೂಕ ಬರಲೆಂದು ಬೆಳಿಗ್ಗೆ ಒಂದು ಖಾಲಿ ಬಾಕ್ಸ್ ಇಟ್ಟು ಟೇರ್ ಒತ್ತಿದ್ದೆವು. ಆ ಖಾಲಿ ಬಾಕ್ಸ್ ಇನ್ನೂ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ಬೋರಲು ಹಾಕಿದರು. ತಳದಿಂದ ಹಳೆಯ ರಟ್ಟಿನ ತುಂಡೊಂದು ಕೆಳಗೆ ಬಿತ್ತು. ಬೇರೆ ಯಾವ ಬಾಕ್ಸಿನಲ್ಲೂ ಅಂಥದ್ದು ಇರಲಿಲ್ಲ. ಅದನ್ನು ತೂಗಿದರೆ 40 ಗ್ರಾಂ.

ಅಂದರೆ ಹನ್ನೆರಡೂ ಬಾಕ್ಸಿನಲ್ಲಿ 40 ಗ್ರಾಂ ಕಡಿಮೆ ತೋರಿಸಿದ್ದೆವು. ಎಲ್ಲಕ್ಕೂ ಒಂದೇ ಅಂಕಿ ಕೂಡಿದರೆ ಮಾನಕ ವಿಚಲನೆ ಅಲುಗುವುದಿಲ್ಲ, ಅಂಚು 75 ಹಾಗೆಯೇ. ಸರಾಸರಿ −50 ಆಯಿತು. ಹೊಸ ಅಂತರ −125 ರಿಂದ +25, ಸೊನ್ನೆ ಒಳಗೆ. ಚೀಟಿ ಹರಿದು ಬೇರೆ ಬರೆದೆ, ಇನ್ನೂ ನಲವತ್ತೆಂಟು ಬಾಕ್ಸ್ ಇಳಿಸಲು ಹಮಾಲರಿಗೆ ಹೇಳಿಕಳಿಸಿದೆವು. ಅಷ್ಟರಲ್ಲಿ ಚಹಾ ಬಂತು.